ಪರಲೋಕದ ನಂಬಿಕೆ ಸಾವಿನ ಭಯಕ್ಕೆ ಮದ್ದೇ?

ಸತ್ತ ಮೇಲೂ ಬದುಕಿದೆ ಎಂದು ನಂಬುವವರಿಗೆ ಸಾವಿನ ಭಯ ಕಡಿಮೆ ಎಂಬ ಮಾತನ್ನು ಆಸ್ತಿಕರೂ ಒಪ್ಪುತ್ತಾರೆ, ನಾಸ್ತಿಕರೂ ಒಪ್ಪುತ್ತಾರೆ. ಆಸ್ತಿಕರ ಪಾಲಿಗೆ ಅದು ಶ್ರದ್ಧೆಯ ಫಲ. ನಾಸ್ತಿಕರ ಪಾಲಿಗೆ ಅದು ಭಯ ತಾಳಲಾರದ ಮನುಷ್ಯ ತನಗೆ ತಾನೇ ಹೇಳಿಕೊಂಡ ಸಮಾಧಾನ. ಮಿಕ್ಕೆಲ್ಲ ವಿಷಯಗಳಲ್ಲಿ ಹಾವು ಮುಂಗುಸಿಯಂತೆ ಕಾದಾಡುವ ಎರಡು ಪಕ್ಷಗಳೂ ಒಪ್ಪಿಕೊಂಡಿರುವ ಮಾತೆಂದ ಮೇಲೆ ಅದು ನಿಜವೇ ಇರಬೇಕೆಂದು ಬಹಳ ಮಂದಿ ಭಾವಿಸಿದ್ದಾರೆ. ಕಳೆದ ಆರು ದಶಕಗಳ ಅಧ್ಯಯನಗಳನ್ನು ಮುಂದಿಟ್ಟುಕೊಂಡು ನೋಡಿದರೆ ಅದು ಅಷ್ಟು ಸುಲಭವಾಗಿ ನಿಲ್ಲುವುದಿಲ್ಲ.

ಇದು ಪಂಡಿತರ ಚರ್ಚೆಯಷ್ಟೇ ಆಗಿದ್ದರೆ ಅವರಿಗೇ ಬಿಟ್ಟುಬಿಡಬಹುದಿತ್ತು. ಆದರೆ ತೀವ್ರ ನಿಗಾ ಘಟಕದಲ್ಲಿರುವ ರೋಗಿಗೆ ವೆಂಟಿಲೇಟರ್ ಅಳವಡಿಸಬೇಕೇ ಬೇಡವೇ ಎಂದು ವೈದ್ಯರು ಕೇಳಿದಾಗ ಮನೆಯವರು ಕೊಡುವ ಉತ್ತರದಲ್ಲಿ ಈ ಪ್ರಶ್ನೆ ಅಡಗಿರುತ್ತದೆ. ತೀರಿಕೊಂಡವರ ದನಿಯಲ್ಲಿ ಮಾತನಾಡುವ ಚಾಟ್‌ಬಾಟ್‌ಗಳು ಮಾರಾಟಕ್ಕೆ ಬಂದಿರುವ ಈ ಹೊತ್ತಿನಲ್ಲಿ ಅದಕ್ಕೆ ಇನ್ನೊಂದು ಮುಖವೂ ಬಂದಿದೆ. ಆದ್ದರಿಂದ ಪರಲೋಕದ ನಂಬಿಕೆ ಯಾರಿಗೆ ಏನು ಮಾಡುತ್ತದೆ, ಏನು ಮಾಡಲಾರದು ಎಂದು ಬಿಡಿಸಿ ನೋಡುವ ಅಗತ್ಯವಿದೆ.

ನಂಬಿಕೆಯ ಹರವು ಸಣ್ಣದಲ್ಲ. ಪ್ಯೂ ಸಂಶೋಧನಾ ಕೇಂದ್ರ 2025ರಲ್ಲಿ ಪ್ರಕಟಿಸಿದ 36 ದೇಶಗಳ ಸಮೀಕ್ಷೆಯಲ್ಲಿ, ಹೆಚ್ಚಿನ ದೇಶಗಳ ಅರ್ಧಕ್ಕಿಂತ ಹೆಚ್ಚು ವಯಸ್ಕರು ಸಾವಿನ ನಂತರ ಬದುಕು ‘ಖಂಡಿತ ಇದೆ’ ಅಥವಾ ‘ಬಹುಶಃ ಇದೆ’ ಎಂದಿದ್ದಾರೆ. ದೇವಸ್ಥಾನ, ಚರ್ಚುಗಳಿಂದ ದೂರ ಸರಿಯುತ್ತಿರುವ ಯುವಜನರು ಈ ವಿಷಯದಲ್ಲಿ ಹಿರಿಯರಿಗಿಂತ ಹಿಂದೆ ಬಿದ್ದಿಲ್ಲ. ಅದೇ ಸಂಸ್ಥೆ 2021ರಲ್ಲಿ ಅಮೆರಿಕದಲ್ಲಿ ನಡೆಸಿದ ಸಮೀಕ್ಷೆಯ ಪ್ರಕಾರ ಸ್ವರ್ಗವಿದೆ ಎಂದು ನಂಬುವವರು ಶೇ 73, ನರಕವಿದೆ ಎಂದು ನಂಬುವವರು ಶೇ 62. ಈ ಅಂಕಿಗಳಿಗಿಂತ ನನಗೆ ಮುಖ್ಯವಾಗಿ ಕಾಣುವುದು ಆ ‘ಬಹುಶಃ’. ಸಮೀಕ್ಷೆಯ ಪಟ್ಟಿಯಲ್ಲಿ ಖಂಡಿತ ಎನ್ನುವವರೂ ಬಹುಶಃ ಎನ್ನುವವರೂ ಒಂದೇ ಸಾಲಿನಲ್ಲಿ ಕೂರುತ್ತಾರೆ. ಸಾವು ಎದುರಿಗೆ ಬಂದಾಗ ಅವರಿಬ್ಬರ ಸ್ಥಿತಿ ಒಂದೇ ಆಗಿರುವುದಿಲ್ಲ.

ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಜೊನಾಥನ್ ಜಾಂಗ್ ಮತ್ತು ಸಂಗಡಿಗರು 2017ರಲ್ಲಿ ಪ್ರಕಟಿಸಿದ ವಿಶ್ಲೇಷಣೆ ಇಲ್ಲಿ ನೆರವಿಗೆ ಬರುತ್ತದೆ. 1961ರಿಂದ 2014ರವರೆಗೆ ಧಾರ್ಮಿಕತೆ ಮತ್ತು ಸಾವಿನ ಭಯದ ಬಗ್ಗೆ ನಡೆದ ಸುಮಾರು 100 ಅಧ್ಯಯನಗಳನ್ನು ಅವರು ಒಟ್ಟಿಗೆ ಇಟ್ಟು ನೋಡಿದರು. ಆ ಅಧ್ಯಯನಗಳಲ್ಲಿ ಪಾಲ್ಗೊಂಡವರ ಸಂಖ್ಯೆ ಸುಮಾರು 26,000. ಅರ್ಧಕ್ಕಿಂತ ಹೆಚ್ಚು ಅಧ್ಯಯನಗಳಲ್ಲಿ ಎರಡಕ್ಕೂ ಯಾವ ನಂಟೂ ಕಾಣಲಿಲ್ಲ. ಶೇ 18ರಷ್ಟರಲ್ಲಿ ಫಲಿತಾಂಶ ತಿರುವುಮುರುವಾಗಿತ್ತು: ಹೆಚ್ಚು ಧಾರ್ಮಿಕರಾದವರೇ ಹೆಚ್ಚು ಹೆದರುತ್ತಿದ್ದರು. ಒಟ್ಟಾರೆ ನಂಟು ಇದ್ದರೂ ತೀರಾ ದುರ್ಬಲ. ಹೆಚ್ಚಿನ ಅಧ್ಯಯನಗಳು ಅಮೆರಿಕದಲ್ಲಿ ನಡೆದವು ಎಂಬ ಮಿತಿಯನ್ನು ಮರೆಯಬಾರದು. ಆದರೂ ಅವುಗಳೊಳಗೆ ಇನ್ನೊಂದು ಸಂಗತಿ ಇತ್ತು. ಗಟ್ಟಿ ಆಸ್ತಿಕರು, ಗಟ್ಟಿ ನಾಸ್ತಿಕರು ಮತ್ತು ನಡುವಿನವರನ್ನು ಹೋಲಿಸಲು ಸಾಧ್ಯವಿದ್ದ 11 ಅಧ್ಯಯನಗಳ ಪೈಕಿ 10ರಲ್ಲಿ ಅತಿ ಹೆಚ್ಚು ಹೆದರುತ್ತಿದ್ದವರು ನಡುವಿನವರು. ಎರಡೂ ತುದಿಯವರಲ್ಲಿ ಭಯ ಕಡಿಮೆ.

ಇದರಿಂದ ನಂಬಿಕೆಯೇ ಧೈರ್ಯ ಕೊಟ್ಟಿತು ಎಂದು ಹೇಳಲು ಬರುವುದಿಲ್ಲ, ಏಕೆಂದರೆ ಏನೂ ಇಲ್ಲ ಎಂದು ಖಚಿತವಾಗಿ ನಂಬಿದವರಿಗೂ ಅದೇ ಧೈರ್ಯ ಸಿಕ್ಕಿದೆ. ಸಾವಿನ ಭಯವೇ ಇಲ್ಲದವರು ಯಾವುದಾದರೂ ಒಂದು ತುದಿಗೆ ನಿರಾಳವಾಗಿ ಹೋಗಿ ನಿಲ್ಲುತ್ತಾರೆ ಎಂಬ ವಿವರಣೆಯೂ ಸಾಧ್ಯ. ನಂಬುವ ಬಗೆಯೂ ಲೆಕ್ಕಕ್ಕೆ ಬರುತ್ತದೆ. ಧರ್ಮವನ್ನು ಒಳಗಿನಿಂದ ಬದುಕುವವರಲ್ಲಿ ಭಯ ಕಡಿಮೆ ಇರುತ್ತದೆ. ಸಮಾಜದ ಒಪ್ಪಿಗೆಗಾಗಿಯೋ ಲಾಭಕ್ಕಾಗಿಯೋ ಅದನ್ನು ಹಿಡಿದುಕೊಂಡವರಲ್ಲಿ ಹೆಚ್ಚು.

ಇನ್ನೂ ಕುತೂಹಲದ ಫಲಿತಾಂಶ ಬಂದದ್ದು 2018ರಲ್ಲಿ. ಅಮೆರಿಕದ ತತ್ವಶಾಸ್ತ್ರಜ್ಞ ಶಾನ್ ನಿಕೋಲ್ಸ್ ಮತ್ತು ಸಹೋದ್ಯೋಗಿಗಳು ಹಿಂದೂಗಳನ್ನು, ಪಾಶ್ಚಾತ್ಯರನ್ನು, ಟಿಬೆಟಿಯನ್ ಬೌದ್ಧ ಗೃಹಸ್ಥರನ್ನು ಮತ್ತು ಭಿಕ್ಷುಗಳನ್ನು ಹೋಲಿಸಿದರು. ‘ನಾನು’ ಎಂಬ ಸ್ಥಿರ ವಸ್ತುವೇ ಇಲ್ಲ ಎಂಬುದು ಬೌದ್ಧ ದರ್ಶನದ ತಿರುಳು. ಇಲ್ಲದ ‘ನಾನು’ ಸಾಯುವುದೂ ಇಲ್ಲ ಎಂದ ಮೇಲೆ ಭಯಕ್ಕೆ ಎಡೆಯೆಲ್ಲಿ? ಭಿಕ್ಷುಗಳು ಪ್ರಶ್ನೆಗಳಿಗೆ ಉತ್ತರಿಸುವಾಗ ಆ ಸಿದ್ಧಾಂತವನ್ನು ಸರಿಯಾಗಿಯೇ ಹೇಳಿದರು. ಆದರೆ ತಾನು ಇಲ್ಲವಾಗುವ ಭಯವನ್ನು ಅಳೆದಾಗ ಎಲ್ಲ ಗುಂಪುಗಳಿಗಿಂತ ಅವರಲ್ಲೇ ಅದು ಹೆಚ್ಚಿತ್ತು. ಆಯುಷ್ಯ ಹೆಚ್ಚಿಸುವ ಔಷಧಿಯನ್ನು ಅದರಿಂದ ಹೆಚ್ಚು ಕಾಲ ಬದುಕಬಲ್ಲ ಅಪರಿಚಿತನಿಗೆ ಬಿಟ್ಟುಕೊಡುವ ಕಾಲ್ಪನಿಕ ಸಂದರ್ಭದಲ್ಲೂ ಅವರ ಕೈ ಬಿಗಿಯಾಗಿತ್ತು. ಈ ಭಿಕ್ಷುಗಳು ದೀರ್ಘಕಾಲದ ಧ್ಯಾನ ಸಾಧಕರೇನಲ್ಲ ಎಂದು ಸಂಶೋಧಕರೇ ಎಚ್ಚರಿಸಿದ್ದಾರೆ. ಆ ಮಾತು ನ್ಯಾಯವಾದದ್ದು. ಅಷ್ಟಾದರೂ ಒಂದು ಅಂಶ ಉಳಿಯುತ್ತದೆ. ಸಿದ್ಧಾಂತವನ್ನು ಬಲ್ಲವನಾದ ಮಾತ್ರಕ್ಕೆ ಎದೆಯ ನಡುಕ ನಿಲ್ಲುವುದಿಲ್ಲ.

ಹಾಗಾದರೆ ಪರಲೋಕದ ಕಲ್ಪನೆ ಹುಟ್ಟಿದ್ದಾದರೂ ಯಾಕೆ? ಭಯಕ್ಕೆ ಸಮಾಧಾನವಾಗಿ ಹುಟ್ಟಿತು ಎನ್ನುವವರು ಪ್ರಾಚೀನ ಪರಲೋಕಗಳ ಚಿತ್ರವನ್ನು ಗಮನಿಸಬೇಕು. ಮೆಸೊಪೊಟೇಮಿಯಾದ ಜನರ ಕಲ್ಪನೆಯಲ್ಲಿ ಸತ್ತವರು ಬೆಳಕೇ ಇಲ್ಲದ ಮನೆಯಲ್ಲಿ ಧೂಳು, ಮಣ್ಣು ತಿಂದುಕೊಂಡು ಇರುತ್ತಾರೆ. ಗ್ರೀಕರ ಹೇಡಿಸ್‌ನಲ್ಲಿ ವೀರನೂ ಹೇಡಿಯೂ ಒಂದೇ ಬಗೆಯ ಸತ್ವಹೀನ ನೆರಳು. ಪ್ರಾಚೀನ ಹೀಬ್ರೂ ಜನರ ಷಿಯೋಲ್ ಮೌನವೇ ತುಂಬಿದ ತಾಣ. ತನ್ನ ಭಯವನ್ನು ಕಳೆದುಕೊಳ್ಳಲು ಕಲ್ಪನೆ ಮಾಡಿಕೊಳ್ಳುವವನು ಇಂಥ ಜಾಗವನ್ನು ಕಟ್ಟಿಕೊಳ್ಳುವುದಿಲ್ಲ. ಇವುಗಳಲ್ಲಿ ಸುಖವಿಲ್ಲ, ಆದರೆ ಒಂದು ಸಂಗತಿ ಇದೆ: ಸತ್ತವನು ಎಲ್ಲೋ ಒಂದು ಕಡೆ ಇದ್ದಾನೆ.

ಇದರ ಬೇರು ಬಾಲ್ಯದಲ್ಲೇ ಕಾಣಿಸಿಕೊಳ್ಳುತ್ತದೆ. ಜೆಸ್ಸಿ ಬೆರಿಂಗ್ ಮತ್ತು ಡೇವಿಡ್ ಬ್ಯೋರ್ಕ್‌ಲಂಡ್ ಎಂಬ ಮನಃಶಾಸ್ತ್ರಜ್ಞರು 2004ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಮಕ್ಕಳಿಗೆ ಒಂದು ಗೊಂಬೆಯಾಟ ತೋರಿಸಲಾಯಿತು. ಪುಟ್ಟ ಇಲಿಮರಿ, ಅದನ್ನು ಮೊಸಳೆ ತಿಂದುಬಿಡುತ್ತದೆ. ನಂತರ ಪ್ರಶ್ನೆಗಳು. ಇಲಿಮರಿಗೆ ಇನ್ನು ಊಟ ಬೇಕೇ? ಅದರ ಮಿದುಳು ಕೆಲಸ ಮಾಡುತ್ತಿದೆಯೇ? ಸ್ವಲ್ಪ ದೊಡ್ಡ ಮಕ್ಕಳು ಇಲ್ಲ ಎಂದರು. ಸತ್ತ ದೇಹಕ್ಕೆ ಏನೂ ಬೇಡ ಎಂಬುದು ಅವರಿಗೆ ಗೊತ್ತಿತ್ತು. ಇಲಿಮರಿಗೆ ಈಗಲೂ ಅಮ್ಮನ ಮೇಲೆ ಪ್ರೀತಿ ಇದೆಯೇ ಎಂದು ಕೇಳಿದಾಗ ಅವರಲ್ಲಿ ಹಲವರ ಉತ್ತರ ಬದಲಾಯಿತು. ಹೌದು, ಇದೆ. ಮಿದುಳು ನಿಂತಿದೆ ಎಂದು ಒಪ್ಪಿಕೊಂಡ ಮಕ್ಕಳೂ ಪ್ರೀತಿ ನಿಂತಿದೆ ಎಂದು ಒಪ್ಪಲಿಲ್ಲ. ಚಿಕ್ಕ ಮಕ್ಕಳಲ್ಲಿ ಈ ಪ್ರವೃತ್ತಿ ಇನ್ನೂ ಬಲವಾಗಿತ್ತು. ವಯಸ್ಸಾದಂತೆ ಕಡಿಮೆಯಾಗುತ್ತಾ ಹೋಯಿತು.

ಹಾಗೆಂದು ಇದೆಲ್ಲ ಹುಟ್ಟಿನಿಂದಲೇ ಬಂದದ್ದು ಎನ್ನುವಂತೆಯೂ ಇಲ್ಲ. ಮರುವರ್ಷವೇ ಪೌಲ್ ಹ್ಯಾರಿಸ್ ಮತ್ತು ಮಾರ್ತಾ ಹಿಮೆನೆಝ್ ಸ್ಪೇನ್‌ನ ಮಕ್ಕಳಿಗೆ ಅಜ್ಜ ಅಥವಾ ಅಜ್ಜಿ ತೀರಿಕೊಂಡ ಕತೆಯನ್ನು ಎರಡು ಬಗೆಯಲ್ಲಿ ಹೇಳಿದರು. ಒಂದರಲ್ಲಿ ಸಾವಿನ ಸುದ್ದಿ ತಿಳಿಸುವವರು ವೈದ್ಯರು, ಇನ್ನೊಂದರಲ್ಲಿ ಪಾದ್ರಿ. ವೈದ್ಯರ ಕತೆ ಕೇಳಿದಾಗ ಎಲ್ಲವೂ ನಿಂತಿತು ಎಂದ ಮಕ್ಕಳು, ಪಾದ್ರಿಯ ಕತೆ ಕೇಳಿದಾಗ ಮನಸ್ಸು ಇನ್ನೂ ಇದೆ ಎನ್ನುವುದು ಹೆಚ್ಚು. ಇಲ್ಲಿ ವಯಸ್ಸಾದಂತೆ ಪರಲೋಕದ ಉತ್ತರಗಳು ಹೆಚ್ಚಿದವು. ಒಂದೇ ತಲೆಯಲ್ಲಿ ಸಾವಿನ ಕುರಿತು ಎರಡು ತಿಳಿವಳಿಕೆಗಳು ಪಕ್ಕಪಕ್ಕದಲ್ಲಿ ಇರುತ್ತವೆ. ಯಾವುದು ಎದ್ದು ಮಾತನಾಡುತ್ತದೆ ಎಂಬುದು ಸಂದರ್ಭಕ್ಕೆ ಬಿಟ್ಟದ್ದು. ದೊಡ್ಡವರೂ ಹೀಗೆಯೇ. ಮರಣ ಪ್ರಮಾಣಪತ್ರಕ್ಕೆ ಅರ್ಜಿ ಬರೆಯುವ ಕೈಯೇ ತೀರಿಕೊಂಡವರ ಚಿತ್ರದ ಮುಂದೆ ನಿಂತು ಅವರಿಗೆ ವಿಷಯ ಹೇಳುತ್ತದೆ, ಅದರಲ್ಲಿ ವಿರೋಧಾಭಾಸವೇನೂ ಕಾಣುವುದಿಲ್ಲ.

ಇಲ್ಲಿ ನನ್ನ ವಾದವನ್ನು ನೇರವಾಗಿ ಹೇಳಿಬಿಡುತ್ತೇನೆ. ಪರಲೋಕದ ನಂಬಿಕೆ ಮುಖ್ಯವಾಗಿ ಸಾಯುವವನ ಭಯಕ್ಕಲ್ಲ, ಉಳಿದವರ ಅಗಲಿಕೆಗೆ ಉತ್ತರ. ಇಲಿಮರಿಯ ಪ್ರಶ್ನೆ ‘ನಾನು ಸತ್ತರೆ ಏನಾಗುತ್ತೇನೆ’ ಎಂಬುದಲ್ಲ. ಯಮನ ಎದುರು ನಿಂತ ನಚಿಕೇತನೂ ಕೇಳಿದ್ದು ಸತ್ತ ಮನುಷ್ಯ ಇದ್ದಾನೆಂದು ಕೆಲವರು, ಇಲ್ಲವೆಂದು ಕೆಲವರು ಹೇಳುತ್ತಾರಲ್ಲ, ನಿಜ ಯಾವುದು ಎಂದು. ತನ್ನ ಸಾವನ್ನು ಮುಂದಿಟ್ಟುಕೊಂಡು ನಡುಗುತ್ತಾ ಕೇಳಿದ ಪ್ರಶ್ನೆಯಲ್ಲ ಅದು. ವೇಲ್ಸ್‌ನ ವೈದ್ಯ ಡ್ಯೂವಿ ರೀಸ್ 1971ರಲ್ಲಿ ಪ್ರಕಟಿಸಿದ ಅಧ್ಯಯನ ಇದಕ್ಕೆ ಬಲ ಕೊಡುತ್ತದೆ. ಸಂಗಾತಿಯನ್ನು ಕಳೆದುಕೊಂಡ 293 ಮಂದಿಯನ್ನು ಅವರು ಮಾತನಾಡಿಸಿದರು. ಹೆಚ್ಚುಕಡಿಮೆ ಅರ್ಧದಷ್ಟು ಜನ, ಶೇ 46.7, ಸತ್ತ ಗಂಡ ಅಥವಾ ಹೆಂಡತಿ ತಮ್ಮ ಬಳಿಯೇ ಇದ್ದಂತೆ ಅನುಭವವಾಗಿದೆ ಎಂದರು. ಕೆಲವರಿಗೆ ದನಿ ಕೇಳಿಸಿತ್ತು, ಕೆಲವರಿಗೆ ಕಾಣಿಸಿತ್ತು. ಹೆಚ್ಚಿನವರು ಇದನ್ನು ಯಾರಿಗೂ ಹೇಳಿರಲಿಲ್ಲ. ಅನೇಕರಿಗೆ ಆ ಅನುಭವದಿಂದ ನೆಮ್ಮದಿ ಸಿಕ್ಕಿತ್ತು. ಸತ್ತವರೊಂದಿಗಿನ ನಂಟನ್ನು ಕಡಿದುಕೊಂಡರೆ ಮಾತ್ರ ದುಃಖ ಆರುತ್ತದೆ ಎಂದು ಬಹುಕಾಲ ಬೋಧಿಸಿದ ಮನಃಶಾಸ್ತ್ರ, 1990ರ ದಶಕದಿಂದೀಚೆಗೆ ಆ ನಂಟು ರೂಪ ಬದಲಿಸಿ ಮುಂದುವರಿಯುವುದು ಸಹಜ ಎಂದು ಒಪ್ಪಿಕೊಂಡಿದೆ.

ಕೃತಕ ಬುದ್ಧಿಮತ್ತೆ ಕೈ ಹಾಕಿರುವುದು ಸರಿಯಾಗಿ ಈ ಜಾಗಕ್ಕೆ. ವ್ಯಕ್ತಿಯೊಬ್ಬರ ಸಂದೇಶ, ಚಿತ್ರ, ದನಿಗಳಿಂದ ಅವರಂತೆಯೇ ಮಾತನಾಡುವ ಚಾಟ್‌ಬಾಟ್ ರೂಪಿಸುವ ವಿಧಾನಕ್ಕೆ ಮೈಕ್ರೋಸಾಫ್ಟ್ 2020ರಲ್ಲಿ ಪೇಟೆಂಟ್ ಪಡೆಯಿತು. ತೀರಿಕೊಂಡ ಅಜ್ಜಿಯ ದನಿಯಲ್ಲಿ ಮೊಮ್ಮಗುವಿಗೆ ಅಲೆಕ್ಸಾ ಕತೆ ಓದುವುದನ್ನು ಅಮೆಜಾನ್ 2022ರಲ್ಲಿ ವೇದಿಕೆಯ ಮೇಲೆ ತೋರಿಸಿತು. ಕೇಂಬ್ರಿಜ್ ವಿಶ್ವವಿದ್ಯಾಲಯದ ಇಬ್ಬರು ಸಂಶೋಧಕರು 2024ರಲ್ಲಿ ಇಂಥ ಸೇವೆಗಳ ಅಪಾಯಗಳನ್ನು ಪಟ್ಟಿ ಮಾಡಿದರು: ಸತ್ತವರ ದನಿಯಲ್ಲೇ ಜಾಹೀರಾತು ಬರಬಹುದು, ತಾಯಿ ಇನ್ನೂ ಜೊತೆಯಲ್ಲಿದ್ದಾಳೆ ಎಂದು ಚಾಟ್‌ಬಾಟ್ ಮಗುವಿಗೆ ಒತ್ತಿ ಹೇಳಬಹುದು, ಬೇಡವೆಂದರೂ ಸಂದೇಶಗಳು ಬರುತ್ತಲೇ ಇರಬಹುದು. ಇಂಥ ಚಾಟ್‌ಬಾಟ್‌ಗಳನ್ನು ಗೌರವದಿಂದ ಬೀಳ್ಕೊಡುವ ಒಂದು ವಿಧಿ ಇರಬೇಕು ಎಂಬ ಸಲಹೆಯನ್ನೂ ಅವರು ಕೊಟ್ಟರು. ನನ್ನ ಆತಂಕ ಇಲ್ಲೇ ಇರುವುದು. ಧರ್ಮಗಳು ಕಟ್ಟಿದ ಪರಲೋಕ ಸತ್ತವರನ್ನು ಉಳಿಸಿಕೊಂಡೇ ದೂರವನ್ನೂ ಕಾಯ್ದಿತ್ತು. ಅಲ್ಲಿಂದ ಉತ್ತರ ಬರುವುದಿಲ್ಲ; ಉತ್ತರವನ್ನು ಬದುಕಿರುವವರು ತಮ್ಮೊಳಗೇ ಹುಡುಕಿಕೊಳ್ಳಬೇಕಿತ್ತು. ಚಾಟ್‌ಬಾಟ್ ಉತ್ತರ ಕೊಡುತ್ತದೆ, ತಿಂಗಳ ಚಂದಾ ಕಟ್ಟುವವರೆಗೆ. ಅದನ್ನು ನಿಲ್ಲಿಸುವ ದಿನ ಮನೆಯವರು ಎರಡನೆಯ ಸಲ ಸಾವಿನ ನಿರ್ಧಾರ ಮಾಡಬೇಕಾಗುತ್ತದೆ. ಸತ್ತವರು ಬದುಕಿದ್ದಾಗ ಇದಕ್ಕೆ ಒಪ್ಪಿದ್ದರೇ ಎಂದು ಕೇಳುವ ಕಾನೂನು ಹೆಚ್ಚಿನ ಕಡೆ ಇಲ್ಲ.

ಸಾವಿನ ಹೊಸ್ತಿಲವರೆಗೆ ಹೋಗಿ ಬಂದವರ ಮಾತನ್ನೂ ಕೇಳಬೇಕು. ನೆದರ್ಲೆಂಡ್ಸ್‌ನ ಹೃದ್ರೋಗ ತಜ್ಞ ಪಿಮ್ ವಾನ್ ಲೊಮ್ಮೆಲ್ 2001ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹೃದಯ ಸ್ತಂಭನದಿಂದ ಬದುಕುಳಿದ 344 ಮಂದಿಯ ಪೈಕಿ 62 ಮಂದಿ ಬೆಳಕು, ಸುರಂಗ, ದೇಹದಿಂದ ಹೊರಬಂದ ಭಾವ ಮುಂತಾದ ಅನುಭವಗಳನ್ನು ಹೇಳಿಕೊಂಡರು. ಇದು ಪರಲೋಕಕ್ಕೆ ಸಾಕ್ಷಿಯೇ? ದೇಹದಿಂದ ಹೊರಬಂದವರು ಮೇಲಿನಿಂದ ನಿಜವಾಗಿ ನೋಡುತ್ತಾರೆಯೇ ಎಂದು ಪರೀಕ್ಷಿಸಲು ಸ್ಯಾಮ್ ಪಾರ್ನಿಯಾ ನೇತೃತ್ವದ ತಂಡ ಆಸ್ಪತ್ರೆಗಳ ಕೊಠಡಿಗಳಲ್ಲಿ ಚಾವಣಿಯ ಬಳಿ ಹಲಗೆಗಳನ್ನು ಕಟ್ಟಿಸಿ, ಮೇಲಿನಿಂದ ಮಾತ್ರ ಕಾಣುವಂತೆ ಚಿತ್ರಗಳನ್ನು ಇಡಿಸಿತು. 2014ರಲ್ಲಿ ಫಲಿತಾಂಶ ಬಂದಾಗ 2,060 ಹೃದಯ ಸ್ತಂಭನಗಳ ಪೈಕಿ ಆ ಚಿತ್ರಗಳನ್ನು ಕಂಡೆನೆಂದವರು ಒಬ್ಬರೂ ಇರಲಿಲ್ಲ. ಹೆಚ್ಚಿನ ಪ್ರಕರಣಗಳು ಹಲಗೆಗಳೇ ಇಲ್ಲದ ಕೊಠಡಿಗಳಲ್ಲಿ ನಡೆದಿದ್ದವು ಎಂಬುದೂ ನಿಜ. ಅನುಭವದ ವಿವರಗಳಂತೂ ಅವರವರ ಸಂಸ್ಕೃತಿಯ ಬಣ್ಣ ಹೊತ್ತೇ ಬರುತ್ತವೆ. ನಿಮ್ಹಾನ್ಸ್‌ನ ಸತ್ವಂತ್ ಪಸ್ರೀಚಾ ಮತ್ತು ಇಯಾನ್ ಸ್ಟೀವನ್ಸನ್ 1986ರಲ್ಲಿ ಪ್ರಕಟಿಸಿದ ಭಾರತೀಯ ಪ್ರಕರಣಗಳಲ್ಲಿ ದೂತರು ಬಂದು ಕರೆದೊಯ್ಯುತ್ತಾರೆ, ಅಲ್ಲಿ ದಾಖಲೆ ನೋಡಿದವರು ತಪ್ಪು ವ್ಯಕ್ತಿಯನ್ನು ತಂದಿದ್ದೀರಿ ಎಂದು ವಾಪಸ್ ಕಳುಹಿಸುತ್ತಾರೆ. ಅಮೆರಿಕದ ಪ್ರಕರಣಗಳಲ್ಲಿ ಈ ತಪ್ಪಿನ ಪ್ರಸಂಗ ಬರುವುದಿಲ್ಲ. ಪರಲೋಕದ ಅಸ್ತಿತ್ವದ ಬಗ್ಗೆ ಇವುಗಳಿಂದ ತೀರ್ಪು ಕೊಡಲಾಗದು. ಆದರೆ ಭಯದ ಬಗ್ಗೆ ಒಂದು ಮಾತು ಹೇಳಬಹುದು: ವಾನ್ ಲೊಮ್ಮೆಲ್ ತಂಡ ಎಂಟು ವರ್ಷಗಳ ನಂತರ ಮತ್ತೆ ಮಾತನಾಡಿಸಿದಾಗಲೂ ಆ ಅನುಭವ ಪಡೆದವರಲ್ಲಿ ಸಾವಿನ ಭಯ ಕಡಿಮೆಯೇ ಇತ್ತು. ಕೇಳಿ ತಿಳಿದ ಸಿದ್ಧಾಂತ ಮಾಡದ ಕೆಲಸವನ್ನು ಸ್ವಂತ ಅನುಭವ ಮಾಡಿತ್ತು.

ಈಗ ಆಸ್ಪತ್ರೆಗೆ ಬರೋಣ. ಪರಲೋಕದಲ್ಲಿ ಗಟ್ಟಿ ನಂಬಿಕೆಯಿರುವವರು ಕೊನೆಯ ದಿನಗಳಲ್ಲಿ ಯಂತ್ರಗಳ ಹಂಗಿಲ್ಲದೆ ಶಾಂತವಾಗಿ ಹೊರಡುತ್ತಾರೆ ಎಂದು ಊಹಿಸುವುದು ಸಹಜ. ಅಮೆರಿಕದಲ್ಲಿ ಉಲ್ಬಣಗೊಂಡ ಕ್ಯಾನ್ಸರ್ ಇದ್ದ 345 ರೋಗಿಗಳನ್ನು ಸಾಯುವವರೆಗೂ ಹಿಂಬಾಲಿಸಿದ ಅಧ್ಯಯನವೊಂದು 2009ರಲ್ಲಿ ಪ್ರಕಟವಾಯಿತು. ಕಾಯಿಲೆಯನ್ನು ಎದುರಿಸಲು ದೇವರು, ಧರ್ಮವನ್ನು ಹೆಚ್ಚು ನೆಚ್ಚಿದ್ದವರ ಪೈಕಿ ಶೇ 11.3ರಷ್ಟು ಮಂದಿಗೆ ವೆಂಟಿಲೇಟರ್ ಹಾಕಲಾಗಿತ್ತು. ಕಡಿಮೆ ನೆಚ್ಚಿದ್ದವರಲ್ಲಿ ಈ ಪ್ರಮಾಣ ಶೇ 3.6. ಕೊನೆಯ ವಾರದಲ್ಲಿ ಜೀವ ಹಿಗ್ಗಿಸುವ ತೀವ್ರ ಚಿಕಿತ್ಸೆ ಪಡೆದವರು ಕ್ರಮವಾಗಿ ಶೇ 13.6 ಮತ್ತು ಶೇ 4.2. ಊಹೆಗೆ ತದ್ವಿರುದ್ಧ.

ಇದನ್ನು ಬೂಟಾಟಿಕೆ ಎಂದು ತಳ್ಳಿಹಾಕುವವರಿದ್ದಾರೆ. ನಾನು ಅದನ್ನು ಒಪ್ಪುವುದಿಲ್ಲ. ಶ್ರದ್ಧಾವಂತನಿಗೆ ಚಿಕಿತ್ಸೆ ನಿಲ್ಲಿಸುವುದೆಂದರೆ ದೇವರ ಮೇಲಿನ ಭರವಸೆ ಕೈಬಿಟ್ಟಂತೆ ಕಾಣಬಹುದು. ಪವಾಡಕ್ಕೆ ಇನ್ನೊಂದು ದಿನ ಅವಕಾಶ ಕೊಡೋಣ ಎನಿಸಬಹುದು. ಜೀವ ಕೊಟ್ಟವನೇ ತೆಗೆದುಕೊಳ್ಳಲಿ, ನಾವು ಯಾರು ನಿರ್ಧರಿಸಲು ಎಂಬ ಭಾವವೂ ಇರುತ್ತದೆ. ಇನ್ನು ರೋಗಿ ಪ್ರಜ್ಞೆ ತಪ್ಪಿದ ಮೇಲೆ ನಿರ್ಧಾರ ಮನೆಯವರದು. ತೀವ್ರ ನಿಗಾ ಘಟಕದ ಹೊರಗಿನ ಬೆಂಚಿನ ಮೇಲೆ ಕುಳಿತ ಮಗನಿಗೋ ಮಗಳಿಗೋ ಎದುರಿಗಿರುವುದು ತನ್ನ ಸಾವಿನ ಭಯವಲ್ಲ. ಕೈಲಾದಷ್ಟು ಮಾಡಲಿಲ್ಲ ಎಂದು ನಾಳೆ ಕೊರಗಬೇಕಾದೀತು ಎಂಬ ಭಯ. ಬಂಧುಗಳ ಮಾತಿನ ಭಯ. ವೈದ್ಯರು ಕಾಗದ ಹಿಡಿದು ಬಂದು ಬೇಗ ಹೇಳಿ ಎನ್ನುತ್ತಾರೆ. ರೋಗಿಗೆ ಏನು ಬೇಕಿತ್ತೆಂದು ಯಾರೂ ಯಾವತ್ತೂ ಕೇಳಿರುವುದಿಲ್ಲ. ಅಂಥ ಹೊತ್ತಿನಲ್ಲಿ ಎಲ್ಲವನ್ನೂ ಮಾಡಿ ಎನ್ನುವುದೊಂದೇ ಬಾಯಿಗೆ ಬರುವ ಮಾತು. ಸ್ವರ್ಗವನ್ನು ನಂಬುವವರೂ ನಂಬದವರೂ ಅದನ್ನೇ ಹೇಳುತ್ತಾರೆ.

ಅದೇ ಸಂಶೋಧಕರ ಬಳಗ 2013ರಲ್ಲಿ ಪ್ರಕಟಿಸಿದ ಮುಂದಿನ ಅಧ್ಯಯನ ನನ್ನ ಮಟ್ಟಿಗೆ ಈ ಇಡೀ ವಿಷಯದ ಕೀಲಿ. ತಮ್ಮ ಧಾರ್ಮಿಕ ಸಮುದಾಯದಿಂದ ಹೆಚ್ಚು ಬೆಂಬಲ ಪಡೆದ ರೋಗಿಗಳು ಕೊನೆಯಲ್ಲಿ ಹೆಚ್ಚು ತೀವ್ರ ಚಿಕಿತ್ಸೆ ಪಡೆದರು, ರೋಗ ವಾಸಿ ಮಾಡುವುದಕ್ಕಿಂತ ನೋವು, ಸಂಕಟ ತಗ್ಗಿಸುವುದಕ್ಕೆ ಒತ್ತು ಕೊಡುವ ಉಪಶಾಮಕ ಆರೈಕೆಯ ಕಡೆಗೆ ಕಡಿಮೆ ಹೋದರು. ಆದರೆ ಅಂಥವರಲ್ಲೇ, ಅವರ ನಂಬಿಕೆ, ಆತಂಕಗಳ ಬಗ್ಗೆ ಆಸ್ಪತ್ರೆಯ ತಂಡವೂ ಗಮನ ಕೊಟ್ಟಿದ್ದಾಗ ಚಿತ್ರ ತಿರುಗಿತು: ಉಪಶಾಮಕ ಆರೈಕೆ ಹೆಚ್ಚಿತು, ಯಂತ್ರಗಳ ಮೊರೆ ಹೋಗುವುದು ಕಡಿಮೆಯಾಯಿತು. ನಂಬಿಕೆ ಅದೇ, ರೋಗ ಅದೇ. ಬದಲಾದದ್ದು, ರೋಗದ ಸ್ಥಿತಿ ಬಲ್ಲವರೇ ರೋಗಿಯ ನಂಬಿಕೆಯ ಮಾತನ್ನೂ ಕೂತು ಕೇಳಿದ್ದು. ಬೇಗ ಶುರುವಾದ ಇಂಥ ಆರೈಕೆ ಆಯುಷ್ಯವನ್ನು ಕಸಿಯುತ್ತದೆ ಎಂಬ ಅಂಜಿಕೆಗೂ ಆಧಾರ ಸಾಲದು. ಮ್ಯಾಸಚೂಸೆಟ್ಸ್‌ನಲ್ಲಿ ಶ್ವಾಸಕೋಶದ ಕ್ಯಾನ್ಸರ್ ಹರಡಿದ್ದ 151 ರೋಗಿಗಳ ಮೇಲೆ ನಡೆದು 2010ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಮೊದಲಿನಿಂದಲೇ ಉಪಶಾಮಕ ಆರೈಕೆ ಪಡೆದವರ ಬದುಕಿನ ಅವಧಿಯ ಮಧ್ಯಾಂಕ 11.6 ತಿಂಗಳು, ಉಳಿದವರದು 8.9 ತಿಂಗಳು. ಮೊದಲ ಗುಂಪಿನವರು ಕೊನೆಯಲ್ಲಿ ಪಡೆದ ತೀವ್ರ ಚಿಕಿತ್ಸೆ ಕಡಿಮೆಯಾಗಿತ್ತು.

ಸಾವಿನ ಭಯ ಎಂದು ಒಂದೇ ಹೆಸರಿನಿಂದ ಕರೆಯುವುದರಲ್ಲಿ ಹಲವು ಭಯಗಳು ಸೇರಿಕೊಂಡಿವೆ. ಇಲ್ಲವಾಗಿಬಿಡುತ್ತೇನೆ ಎಂಬ ಭಯ ಒಂದು. ಅದಕ್ಕೆ ದರ್ಶನಗಳು, ಧರ್ಮಗಳು ತಮ್ಮ ತಮ್ಮ ಉತ್ತರ ಕೊಟ್ಟಿವೆ, ಯಾರಿಗೆ ಯಾವುದು ಒಗ್ಗುತ್ತದೋ ಅದು. ಬಿಟ್ಟುಹೋಗುವವರ ಗತಿಯೇನು ಎಂಬುದು ಇನ್ನೊಂದು. ಆದರೆ ಹಾಸಿಗೆ ಹಿಡಿದವರನ್ನು ಹಗಲು ರಾತ್ರಿ ಕಾಡುವುದು ನೋವು, ಉಸಿರು ಕಟ್ಟುವುದು, ಬೇರೆಯವರಿಗೆ ಹೊರೆಯಾಗುವುದು, ಒಂಟಿಯಾಗಿ ಸಾಯುವುದು. 1967ರಲ್ಲಿ ಲಂಡನ್‌ನಲ್ಲಿ ಮೊದಲ ಆಧುನಿಕ ಹಾಸ್ಪೀಸ್ (ಸಾವಿನ ಅಂಚಿನಲ್ಲಿರುವ ರೋಗಿಗಳ ಆರೈಕೆಯ ಮನೆ) ತೆರೆದ ಸಿಸಿಲಿ ಸಾಂಡರ್ಸ್ ಸ್ವತಃ ದೃಢ ಶ್ರದ್ಧೆಯ ಕ್ರೈಸ್ತರಾಗಿದ್ದರು. ಅವರು ರೋಗಿಗಳಿಗೆ ಸ್ವರ್ಗದ ಉಪದೇಶದಿಂದ ಶುರು ಮಾಡಲಿಲ್ಲ. ನೋವು ಮರುಕಳಿಸುವವರೆಗೆ ಕಾಯದೆ ಹೊತ್ತಿಗೆ ಸರಿಯಾಗಿ ಮಾರ್ಫಿನ್ ಕೊಡುವ ಪದ್ಧತಿಯನ್ನು ಗಟ್ಟಿಗೊಳಿಸಿದರು. ದೇಹದ ನೋವಿನ ಜೊತೆಗೆ ಮನಸ್ಸಿನ, ಕುಟುಂಬದ, ಆತ್ಮದ ನೋವನ್ನೂ ಒಟ್ಟಿಗೆ ನೋಡಬೇಕು ಎಂದರು.

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ವರ್ಷಕ್ಕೆ 5.68 ಕೋಟಿ ಜನರಿಗೆ ಉಪಶಾಮಕ ಆರೈಕೆ ಬೇಕು; ಅಗತ್ಯವಿರುವವರ ಪೈಕಿ ಅದು ಸಿಗುತ್ತಿರುವುದು ಶೇ 14ರಷ್ಟು ಮಂದಿಗೆ. ನೋವು ನಿವಾರಣೆಯ ಬಗ್ಗೆ ವೈದ್ಯಕೀಯ ಪತ್ರಿಕೆ ಲ್ಯಾನ್ಸೆಟ್‌ನ ಆಯೋಗ 2017ರಲ್ಲಿ ನೀಡಿದ ವರದಿಯ ಪ್ರಕಾರ, ಜಗತ್ತಿನಲ್ಲಿ ಹಂಚಿಕೆಯಾಗುವ ಮಾರ್ಫಿನ್ ಮತ್ತು ಅದಕ್ಕೆ ಸಮನಾದ ಔಷಧಿಗಳಲ್ಲಿ ಅತ್ಯಂತ ಬಡ ಅರ್ಧದಷ್ಟು ಜನರಿಗೆ ತಲುಪುವುದು ಶೇ 1 ಮಾತ್ರ. ಬಾಯಿಯ ಮೂಲಕ ಕೊಡುವ ಮಾರ್ಫಿನ್ ದುಬಾರಿ ಔಷಧಿಯೇನಲ್ಲ. ಅದನ್ನು ತಡೆದಿರುವುದು ಬಹುಪಾಲು ವ್ಯಸನದ ಹೆದರಿಕೆಯಿಂದ ಬಿಗಿಯಾದ ಕಾನೂನುಗಳು ಮತ್ತು ಅದನ್ನು ಬಳಸುವ ತರಬೇತಿ ಪಡೆಯದ ವೈದ್ಯರು.